ಓರಗಿತ್ತಿಗೆ ಸಿಗದ ಕಾಯಿಲೆ

ನರ್ಸಮ್ಮ ಇನ್ನೇನು ನನ್ ತೋಳಿಗೆ ಸೂಜಿ ಚುಚ್ಚಬೇಕು, ಕಂಪ್ಯೂಟರ್ನಲ್ಲಿ ನನ್ ಅಳೇ ದಾಖಲೆ ನೋಡ್ತಿದ್ದ ಡಾಕ್ಟ್ರು, “ನಿಲ್ಸಮ್ಮ, ಈ ಮದ್ದು ಇವ್ರಿಗೆ ಆಗಕಿಲ್ಲ ಅಂತ ತಾಳವಾಡಿ ಡಾಕ್ಟ್ರು ಬರ್ದವ್ರೆ” ಅಂದ್ರು. ಜ್ವರದಲ್ಲಿ ಅದ್ನ ಯೋಳಕ್ಕೂ ನಂಗೆ ಗ್ಯಾನ ಇರ್ನಿಲ್ಲ. ಜೀವ ಉಳೀತು.

ನಮ್ ಕಡೆ ಒಬ್ಬರಿಗೆ ಜ್ವರ ಬಂದ್ರೆ ಜೀಪ್ ತುಂಬ ನೆಂಟ್ರು ಒಂಟ್ಕತಾರೆ. ಓರಗಿತ್ತಿ ಆಗ್ಲೇ ಕಂಪ್ಯೂಟರ್ ಮ್ಯಾಲೆ ಬಗ್ಗಿದ್ಲು. “ಇನ್ನೇನೇನ್ ಬರ್ದದೆ, ವಸಿ ಓದಿ ಸಾರ್, ನಾವೂ ಕೇಳ್ಕತೀವಿ.”

ವಾಸಿಯಾಗಿದ್ದ ಅಳೇ ಕಾಯಿಲೆ ಒಂದು ಅದ್ರಲ್ಲಿತ್ತು. ಇವಳ ಬಾಯಿಗೆ ಬಿದ್ರೆ ಮಗಳಿಗೆ ಕೂಡಿಬಂದಿದ್ದ ಸಂಬಂಧ ಮುರ್ದೋಗ್ತಿತ್ತು.

ಡಾಕ್ಟ್ರು ಕಂಪ್ಯೂಟರ್ನ ಗೋಡೆ ಕಡೆ ತಿರುಗ್ಸುದ್ರು. “ನಿಮ್ಮೆಲ್ರ ಕಾಯಿಲೆನೂ ಇದ್ರಲ್ಲೇ ಅದೆ ಕಣಮ್ಮ. ಎಲ್ರ ಮುಂದೆ ಓದ್ಲಾ?”

ಜೀಪ್ ಜನ ಅಷ್ಟೂ ಒಬ್ಬರನ್ನೊಬ್ರು ತಳ್ಕೊಂಡು ಆಚೆ ನಡುದ್ರು.

ನಾನು ಗಟ್ಟಿಮುಟ್ಟಾಗಿವ್ನಿ, ಮಗಳ ಮದ್ವೆನೂ ಜೋರಾಗೇ ಆಯ್ತು. ಕಾಯಿಲೆ ಯಾವ್ದು ಅಂತ ನಿಮ್ಗೂ ಯೋಳಕಿಲ್ಲ, ನಮ್ ಓರಗಿತ್ತಿ ದಿನಾ ಈ ಪೇಪರ್ ಓದ್ತಾಳೆ.