ಮಂಕಿಯ ಜಗುಲಿಯ ಮೇಲೆ ಮಾತಾಡಿದವರು

ಮೈಮೇಲೆ ಬರುವುದು, ಶಾಪ ತಟ್ಟುವುದು, ಸತ್ತವರು ಬದುಕಿರುವವರ ನಾಲಗೆಯಲ್ಲಿ ಕೂತು ಮಾತಾಡುವುದು, ಇವೆಲ್ಲ ಸುಳ್ಳು ಎಂದು ನಾನು ಎಷ್ಟೋ ವರ್ಷ ಮಕ್ಕಳಿಗೆ ಹೇಳಿದವಳು. ಕುಮಟಾದ ಒಂದು ಹೈಸ್ಕೂಲಿನಲ್ಲಿ ಇಂಗ್ಲಿಷ್ ಕಲಿಸುತ್ತಿದ್ದೆ. ಶಾಲೆಯ ಹಿಂದಿನ ಹುಣಸೆಮರದ ಬಗ್ಗೆ ಹುಡುಗಿಯರು ಏನೇನೋ ಕತೆ ಕಟ್ಟಿಕೊಂಡು ಹೆದರಿದರೆ, ಅದೇ ಮರದ ಬುಡದಲ್ಲಿ ಅವರನ್ನು ಕೂರಿಸಿ ಪಾಠ ಮಾಡಿದ್ದೂ ಉಂಟು. ಈಗ ಅಷ್ಟು ಗಟ್ಟಿಯಾಗಿ ಮಾತಾಡಲಾರೆ. ನಂಬುತ್ತೇನೆ ಎಂದಲ್ಲ. ಒಂದು ಮಧ್ಯಾಹ್ನ ನಡೆದದ್ದು ಇವತ್ತಿಗೂ ನನಗೆ ಬಿಡಿಸಿ ಹೇಳಲಾಗಿಲ್ಲ, ಅಷ್ಟೇ. ಅದನ್ನು ನಡೆದ ಹಾಗೆ ಬರೆಯುತ್ತೇನೆ. ಇದರಲ್ಲಿ ನನ್ನ ಸಣ್ಣತನವೂ ಬರುತ್ತದೆ. ಅದನ್ನು ಬಚ್ಚಿಟ್ಟರೆ ಉಳಿದದ್ದು ನಿಮಗೆ ಅರ್ಥವಾಗುವುದಿಲ್ಲ.

ಮೊದಲು ನನ್ನ ಸಾವಿತ್ರಿ ಚಿಕ್ಕಮ್ಮನ ವಿಷಯ ಹೇಳಬೇಕು. ಅವಳ ಮನೆ ಧಾರೇಶ್ವರದಲ್ಲಿ. ಶಾಂತಿ ಎಂಬ ಒಬ್ಬಳೇ ಮಗಳು ಏಳನೇ ವಯಸ್ಸಿನಲ್ಲಿ ಜ್ವರ ಬಂದು ನಾಲ್ಕೇ ದಿನದಲ್ಲಿ ಹೋಗಿಬಿಟ್ಟಳು. ಚಿಕ್ಕಮ್ಮ ಅತ್ತದ್ದನ್ನು ಯಾರೂ ನೋಡಲಿಲ್ಲ. ಶಾಂತಿಯ ಫ್ರಾಕು, ಲಂಗ, ಶಾಲೆಯ ನೀಲಿ ಅಂಗಿ, ಎಲ್ಲವನ್ನೂ ಚೌಕ ಚೌಕವಾಗಿ ಕತ್ತರಿಸಿ ಒಂದು ಕೌದಿ ಹೊಲಿಯಲು ಕೂತಳು. ಒಂದೂವರೆ ವರ್ಷ ಹೊಲಿದಳು. ಆಮೇಲೆ ಹೊದೆಯದೆ, ಯಾರಿಗೂ ಹೊದಿಸದೆ, ಮಡಿಚಿ ಮಂಚದ ತಲೆಕಡೆ ಇಟ್ಟುಕೊಂಡಳು.

ನಾನು ಕಾಲೇಜಿಗೆ ಸೇರಿದ ವರ್ಷ ಮುಂಬಯಿಯಿಂದ ರೋಹಿಣಿ ಎಂಬ ಹೆಂಗಸು ಕ್ಯಾಮೆರಾ ಹಿಡಿದು ನಮ್ಮ ಕಡೆ ಬಂದಿದ್ದರು. ಹಳೆಯ ಬಟ್ಟೆ, ಹೊಲಿಗೆ, ಕೌದಿಗಳ ಬಗ್ಗೆ ಅಭ್ಯಾಸ ಮಾಡುವವರು. ಅವರಿಗೆ ಕನ್ನಡ ಬಾರದು. ಊರಿನಲ್ಲಿ ಇಂಗ್ಲಿಷಿನಲ್ಲಿ ನಾಲ್ಕು ಮಾತಾಡಬಲ್ಲ ಹುಡುಗಿ ನಾನೊಬ್ಬಳೇ ಎಂದು ನನ್ನನ್ನು ಕರೆದರು. ಚಿಕ್ಕಮ್ಮನ ಕೌದಿ ಕಂಡು ರೋಹಿಣಿಗೆ ಕಣ್ಣು ಕೀಳಲಾಗಲಿಲ್ಲ. ಮುಂಬಯಿಯಲ್ಲಿ ಒಂದು ಪ್ರದರ್ಶನವಿದೆ, ಎರಡು ತಿಂಗಳ ಮಟ್ಟಿಗೆ ಕೊಡಲಿ, ತಾನೇ ತಂದು ಒಪ್ಪಿಸುತ್ತೇನೆ ಎಂದರು. ಅವರ ಮಾತನ್ನು ನಾನು ಕನ್ನಡಕ್ಕೆ ತಂದು ಹೇಳಿದೆ.

ಚಿಕ್ಕಮ್ಮ ಕೌದಿಯ ಮೇಲಿನ ಕೈ ತೆಗೆಯಲಿಲ್ಲ. “ತಕಂಡು ಹೋದ್ರೆ ತಿರುಗಿ ಬತ್ತದೇನೆ?” ಎಂದು ನನ್ನನ್ನೇ ಕೇಳಿದಳು.

ಇಂಗ್ಲಿಷ್ ಮಾತಾಡಿದ ಹೆಮ್ಮೆ ನನ್ನ ನೆತ್ತಿಗೇರಿತ್ತು. “ಕೊಡೇ ಚಿಕ್ಕಮ್ಮ, ದೊಡ್ಡ ಜನ ಅವರು” ಎಂದೆ. ಅವಳು ಕೊಟ್ಟಳು.

ಕೌದಿ ತಿರುಗಿ ಬರಲಿಲ್ಲ. ರೋಹಿಣಿ ಬರೆದುಕೊಟ್ಟ ವಿಳಾಸಕ್ಕೆ ಚಿಕ್ಕಮ್ಮ ನನ್ನ ಕೈಯಲ್ಲಿ ಹನ್ನೊಂದು ಕಾಗದ ಬರೆಸಿದಳು. ಒಂದಕ್ಕೂ ಉತ್ತರವಿಲ್ಲ. ಅವಳು ನನ್ನ ಮೇಲೆ ಒಂದು ದಿನವೂ ತಪ್ಪು ಹೊರಿಸಲಿಲ್ಲ. ಕೊನೆಯ ಕಾಯಿಲೆಯಲ್ಲಿ ಮಾತ್ರ, ಎಷ್ಟು ಹೊದಿಸಿದರೂ ಸಾಲದೆ, “ಶಾಂತಿದು ಹೊದಿಸ್ರೇ” ಎನ್ನುತ್ತಿದ್ದಳು. ಹಾಗೆ ಅನ್ನುತ್ತಲೇ ಹೋದಳು. ಅವಳ ಕಾಲು ಉಜ್ಜುತ್ತ ಕೂತಿದ್ದ ನಾನು ಆವತ್ತು ಮುಂಬಯಿಯ ಆ ಹೆಂಗಸಿನ ಮೇಲೆ ಮನಸ್ಸಿನಲ್ಲೇ ಹಗೆ ಹಿಡಿದಿಟ್ಟುಕೊಂಡೆ.

ಹೊಸ ಶತಮಾನ ಶುರುವಾದ ಹೊಸತರಲ್ಲಿ, ಒಂದು ಬೇಸಿಗೆ ರಜೆಗೆ ಮುಂಚೆ, ಹೊನ್ನಾವರದಲ್ಲಿ ಲಾಡ್ಜ್ ನಡೆಸುವ ನಮ್ಮ ಪರಿಚಯದವರೊಬ್ಬರು ಬಂದು ದುಭಾಷಿಯ ಕೆಲಸವಿದೆ ಎಂದರು. ದಕ್ಷಿಣ ಭಾರತದ ನೇಯ್ಗೆ, ಹೊಲಿಗೆ, ಸಂಸ್ಕೃತಿ ನೋಡುತ್ತ ಆರು ಜನರ ಒಂದು ಸಣ್ಣ ತಂಡ ಬರುತ್ತಿದೆ. ಕಂಚಿ, ಮೈಸೂರು ಮುಗಿಸಿ ಕರಾವಳಿಗೆ ಇಳಿಯುತ್ತದೆ. ಭಟ್ಕಳ, ಹೊನ್ನಾವರ, ಕುಮಟಾದಲ್ಲಿ ನಾಲ್ಕು ದಿನ ಜೊತೆಗಿರಬೇಕು. ಅವರು ಕೊಟ್ಟ ನುಣುಪು ಕಾಗದದ ಪುಸ್ತಿಕೆ ತೆರೆದೆ. ಮೂರನೆಯ ಪುಟದಲ್ಲಿ ಶಾಂತಿಯ ನೀಲಿ ಅಂಗಿ ಇತ್ತು. ಇಡೀ ಕೌದಿಯ ಬಣ್ಣದ ಚಿತ್ರ. ಕೆಳಗೆ, ‘ತಂಡದ ಮುಖ್ಯಸ್ಥೆ ರೋಹಿಣಿಯವರ ಸ್ವಂತ ಸಂಗ್ರಹದಿಂದ’ ಎಂದು ಇಂಗ್ಲಿಷಿನಲ್ಲಿ ಬರೆದಿತ್ತು. ನಾನು ಕೂಡಲೇ ಒಪ್ಪಿಕೊಂಡೆ.

ರೋಹಿಣಿ ನನ್ನನ್ನು ಗುರುತಿಸಲಿಲ್ಲ. ಎರಡು ಜಡೆಯ ಹುಡುಗಿ ಕನ್ನಡಕದ ಟೀಚರಾಗಿದ್ದಳು. ಅವರು ಮಾತ್ರ ಹಾಗೇ ಇದ್ದರು, ಕೂದಲು ಬೆಳ್ಳಗಾದದ್ದು ಬಿಟ್ಟರೆ. ಉಳಿದ ಐವರಲ್ಲಿ ನನಗೆ ನೆನಪಿರುವುದು ಮಾರ್ಗರೆಟ್ ಎಂಬ ಇಂಗ್ಲೆಂಡಿನ ನೇಕಾರ ಮುದುಕಿ. ಮಗ್ಗದ ಮುಂದೆ ಕೂತು ಕೂತು ಬೆನ್ನು ಬಾಗಿತ್ತು. ಒಳ್ಳೆಯ ಜೀವ.

ದುಭಾಷಿಯ ಕೈಯಲ್ಲಿ ಎಷ್ಟು ಬಲವಿದೆ ಎಂದು ಬಹಳ ಜನಕ್ಕೆ ಗೊತ್ತಿಲ್ಲ. ಎರಡೂ ಕಡೆಯವರು ಅವಳ ಬಾಯಿಯನ್ನೇ ನಂಬಿ ಕೂತಿರುತ್ತಾರೆ. ನಾನು ಅದನ್ನು ಮನಸಾರೆ ಬಳಸಿಕೊಂಡೆ. ಭಟ್ಕಳದ ಒಂದು ನವಾಯತ ಮುಸ್ಲಿಮರ ಮನೆಯಲ್ಲಿ ಮನೆಯಾಕೆ ಪೆಟ್ಟಿಗೆ ತೆಗೆದು ಮದುವೆಯ ಜರಿಬಟ್ಟೆಗಳನ್ನು ಹರಡಿ, “ಊಟ ಮಾಡ್ಕಂಡೇ ಹೋಗ್ಬೇಕು ಟೀಚರ್, ಇನ್ನೊಂದು ಪೆಟ್ಟಿಗೆ ತೋರ್ಸೂದು ಉಂಟು” ಎಂದರು. ಮನೆಯಾಕೆಗೆ ಬೇಸರವಾಗಿದೆ, ನಾವು ಬೇಗ ಏಳಬೇಕಂತೆ ಎಂದು ನಾನು ರೋಹಿಣಿಗೆ ಹೇಳಿದೆ. ರೋಹಿಣಿ ಮುಖ ಕೆಂಪಗೆ ಮಾಡಿಕೊಂಡು ಎದ್ದರು. ಮನೆಯಾಕೆಯೂ ನೊಂದುಕೊಂಡರು. ಕುಮಟಾದಲ್ಲಿ, ಹಿಂದೆ ಘಟ್ಟದ ಮೇಲಿನ ಹತ್ತಿ ಹಡಗು ಹತ್ತುತ್ತಿದ್ದ ಕಾಲದ ಉಗ್ರಾಣಗಳನ್ನು ತೋರಿಸುತ್ತೇನೆಂದು ಉರಿಬಿಸಿಲಿನಲ್ಲಿ ನಡೆಸಿ, ಬೀಗ ಹಾಕಿದ ಒಂದು ಬಾಗಿಲ ಮುಂದೆ ನಿಲ್ಲಿಸಿದೆ. ತಂಡದವರು ಗೊಣಗತೊಡಗಿದರು. ಇದು ಸಣ್ಣ ಕೆಲಸ ಎಂದು ನನಗೆ ತಿಳಿಯುತ್ತಿತ್ತು. ಆದರೂ ಹಿತವಾಗಿತ್ತು. ಇಷ್ಟಕ್ಕೆ ಬಿಡಬಾರದು ಎನ್ನಿಸುತ್ತಿತ್ತು.

ಮೂರನೆಯ ದಿನ ಮಂಕಿಗೆ ಹೋದೆವು. ತಿಮ್ಮಿ ಎಂಬ ಅಜ್ಜಿ ಕೌದಿ ಹೊಲಿಯುತ್ತಾಳೆ ಎಂದು ಲಾಡ್ಜಿನವರು ಹೇಳಿ ಕಳಿಸಿದ್ದರು. ಆ ಮನೆಗೆ ನಾನು ಅದೇ ಮೊದಲು ಹೋದದ್ದು. ತೆಂಗಿನ ತೋಟದ ನಡುವೆ ಹೆಂಚಿನ ಸಣ್ಣ ಮನೆ, ಸೆಗಣಿ ಸಾರಿಸಿದ ಜಗುಲಿ. ಅಜ್ಜಿ ಗೋಡೆಗೆ ಒರಗಿ ಕೂತಿದ್ದಳು. ಕೊರಳ ತುಂಬ ಕರಿಮಣಿ, ತೊಡೆಯ ಮೇಲೆ ಅರ್ಧ ಹೊಲಿದ ಕೌದಿ, ಬೆರಳಲ್ಲಿ ಸೂಜಿ. ಸೊಸೆ ಸೋಮಿ ಚಾಪೆ ಹಾಸಿ ನಮ್ಮನ್ನು ಕೂರಿಸಿ, ಎಳನೀರು ಕೆತ್ತಿ ತರುತ್ತೇನೆಂದು ಹಿತ್ತಿಲಿಗೆ ಹೋದಳು. ಹನ್ನೆರಡೂವರೆ ಇರಬಹುದು. ಏಪ್ರಿಲ್ ತಿಂಗಳು, ಗಾಳಿ ಸ್ವಲ್ಪವೂ ಇರಲಿಲ್ಲ.

ಈ ಕೌದಿ ಯಾರಿಗಾಗಿ ಎಂದು ಕೇಳಲು ರೋಹಿಣಿ ಹೇಳಿದರು. ನಾನು ಕೇಳಿದೆ. ಅಜ್ಜಿ ಏನು ಹೇಳಿದರೂ ಅದನ್ನು ತಿರುಚಿ ಈ ಹೆಂಗಸಿಗೆ ಚುಚ್ಚಬೇಕೆಂದು ಮೊದಲೇ ಲೆಕ್ಕ ಹಾಕಿಕೊಂಡಿದ್ದೆ.

ಅಜ್ಜಿ ತಲೆ ಎತ್ತದೆ ಹೇಳಿದಳು: “ಸತ್ತ ಮಗೀನ ಬಟ್ಟೆ ಅದು. ಹೆತ್ತವಳು ಹೊಲ್ದದ್ದು. ಕೊಂಡೋದವಳು ಇಲ್ಲೇ ಕೂತೀದು.”

ಈ ಸಂಗತಿಯನ್ನು ನಾನು ಯಾರಿಗೂ ಹೇಳಿರಲಿಲ್ಲ, ಲಾಡ್ಜಿನವರಿಗೂ ಇಲ್ಲ. ತಿರುಚುವುದಕ್ಕೆ ಏನೂ ಇರಲಿಲ್ಲ. ಆ ಮೂರು ದಿನದಲ್ಲಿ ಮೊದಲ ಸಲ ನಾನು ಮಾತಿಗೆ ಮಾತು ಸರಿಯಾಗಿ ಇಂಗ್ಲಿಷಿಗೆ ತಂದು ಹೇಳಿದೆ. ರೋಹಿಣಿ ನಗಲು ನೋಡಿದರು.

“ಎಡಗಡೆ ಮೂಲೆ ಬಿಚ್ಚೀದು” ಎಂದಳು ಅಜ್ಜಿ. “ಒಳಗೆ ಮಗೀನ ಹಾಲುಹಲ್ಲು ಇತ್ತು. ಅಸಹ್ಯ ಅಂದ್ಕಂಡು ಕಿಟಕಿಯಿಂದ ಬಿಸಾಕೀದು.”

ಹೇಳಿದೆ. ರೋಹಿಣಿಯ ಮುಖದಿಂದ ರಕ್ತ ಇಳಿದು ಹೋದದ್ದನ್ನು ಎಲ್ಲರೂ ನೋಡಿದರು. ಹಲ್ಲಿನ ವಿಷಯ ನನಗೆ ಗೊತ್ತಿರಲಿಲ್ಲ. ಚಿಕ್ಕಮ್ಮ ಮೂಲೆಯಲ್ಲಿ ಏನನ್ನಾದರೂ ಇಟ್ಟು ಹೊಲಿದದ್ದನ್ನು ನಾನು ಕಂಡವಳೇ ಅಲ್ಲ.

“ಆ ತಾಯಿ ಚಳಿಲಿ ಹೋದಳು. ಇವಳ ಮೈಯೂ ಬೆಚ್ಚಗಾಗೂದಿಲ್ಲ.”

ಅದನ್ನೂ ಹೇಳಿದೆ. ಮೆಲ್ಲಗೆ, ಒಂದೊಂದು ಪದ ಬಿಡಿಸಿ, ಮಕ್ಕಳಿಗೆ ಉಕ್ತಲೇಖನ ಬರೆಸುವ ಹಾಗೆ ಹೇಳಿದೆ. ಅಷ್ಟು ಸುಖ ನನಗೆ ಯಾವ ಮಾತನ್ನು ಆಡುವಾಗಲೂ ಆಗಿರಲಿಲ್ಲ. ನಾನು ಮುಗಿಸುವಷ್ಟರಲ್ಲಿ ರೋಹಿಣಿಯ ಕೈ ನಡುಗುತ್ತಿತ್ತು. ಆಮೇಲೆ ಭುಜ, ಆಮೇಲೆ ದವಡೆ. ನಮ್ಮೆಲ್ಲರ ಬೆನ್ನಿನಲ್ಲಿ ಬೆವರು ಹರಿಯುತ್ತಿತ್ತು. ಆಕೆ ಸೆರಗನ್ನು ಕುತ್ತಿಗೆಗೆ ಸುತ್ತಿಕೊಂಡು ಹಲ್ಲು ಕಟಕಟ ಅನ್ನಿಸುತ್ತಿದ್ದರು. ಮಾರ್ಗರೆಟ್ ಅವರ ಕೈ ಹಿಡಿದು, ಐಸಿನ ಹಾಗಿದೆ ಎಂದು ಗಾಬರಿಯಾದರು.

“ನಾನು ಅದನ್ನು ವಾಪಸು ಕಳಿಸುತ್ತೇನೆ” ಎಂದರು ರೋಹಿಣಿ. “ನನ್ನನ್ನು ಕ್ಷಮಿಸಲು ಹೇಳಿ. ದಯವಿಟ್ಟು, ಹಾಗೇ ಹೇಳಿ.”

ನಾನು ಅಜ್ಜಿಯ ಕಡೆ ತಿರುಗಿದೆ. “ಅವರಿಗೆ ಈ ಕೌದಿಯೂ ಬೇಕಂತೆ” ಎಂದೆ.

ಅಜ್ಜಿ ಆಗ ತಲೆ ಎತ್ತಿದಳು. ರೋಹಿಣಿಯನ್ನು ನೋಡಲಿಲ್ಲ. ನನ್ನನ್ನು ನೋಡಿದಳು.

“ಅವಳು ಕೇಳಿದ್ದು ಅದಲ್ಲ” ಎಂದಳು. “ಆವತ್ತೂ ಕೊಡು ಅಂದದ್ದು ನೀನೇ ಅಲ್ಲನೇ?”

ಆ ಜಗುಲಿಯ ಮೇಲೆ ನನಗೂ ಅರೆಗಳಿಗೆ ಚಳಿ ಹತ್ತಿತು. ಅಜ್ಜಿ ಏನು ಹೇಳಿದಳು ಎಂದು ರೋಹಿಣಿ ನನ್ನ ತೋಳು ಹಿಡಿದು ಕೇಳಿದರು. ಇನ್ನೊಮ್ಮೆ ಕೇಳಿದರು. ಆಗ ಹೇಳಬಹುದಾಗಿದ್ದ ಮಾತು ಒಂದಲ್ಲ, ಹತ್ತು ಇದ್ದವು. ನಾನು ಹೇಳಿದ್ದು, “ಆಗುವುದಿಲ್ಲ ಎಂದಳು.”

ಸೋಮಿ ಎಳನೀರು ತಂದಿಟ್ಟಳು. ನಡುಗುವ ಹೆಂಗಸನ್ನೂ ನನ್ನನ್ನೂ ನೋಡಿ, “ಎಂತ ಆತು ಅಕ್ಕೋರೇ?” ಎಂದಳು. ಟೀಚರುಗಳಿಗೆ ನಮ್ಮ ಕಡೆ ಅಕ್ಕೋರು ಅಂತಲೇ ಕರೆಯುವುದು. ನಿಮ್ಮ ಅತ್ತೆಯ ಮಾತು ಕೇಳಿ ಇವರಿಗೆ ಹೀಗಾಯಿತು ಎಂದೆ.

ಅವಳು ನನ್ನನ್ನೇ ನೋಡಿದಳು. “ಅತ್ತೆ ಎಲ್ಲಿ ಮಾತಾಡ್ತೀದು? ಲಕ್ವಾ ಹೊಡ್ದು ನಾಕು ವರ್ಷ ಆತು. ಬಾಯಿಯಿಂದ ಸೊಲ್ಲೇ ಇಲ್ಲ. ಹೊಲಿಯೂದು ನಾನು. ಕೈಗೆ ಸೂಜಿ ಕೊಟ್ರೆ ಹಿಡ್ಕಂಡು ಕೂತಿರ್ತೀದು, ಅಷ್ಟೇಯ.” ಮತ್ತೆ, “ಹಿತ್ಲಿಗೆ ನಿಮ್ದೊಂದೇ ದನಿ ಕೇಳ್ತಿತ್ತು. ಕನ್ನಡನೂ ನೀವೇ, ಇಂಗ್ಲಿಷೂ ನೀವೇ” ಎಂದಳು.

ಅಜ್ಜಿಯ ಬಾಯಿ ಒಂದು ಕಡೆ ಜೋತು ಬಿದ್ದಿದ್ದು ಆಗ ನನ್ನ ಕಣ್ಣಿಗೆ ಬಿತ್ತು. ಜೊಲ್ಲು ಗಲ್ಲದ ಮೇಲೆ ಇಳಿದಿತ್ತು. ಸೋಮಿ ಸೆರಗಿನಿಂದ ಒರೆಸಿದಳು.

ವ್ಯಾನಿನಲ್ಲಿ ಬರುವಾಗ ನಾನು ಮಾರ್ಗರೆಟ್ ಅವರನ್ನು ಕೇಳಿದೆ, ಅಜ್ಜಿ ಮಾತಾಡಿದ್ದು ನಿಮಗೆ ಕೇಳಿತೇ ಎಂದು. ಮಾತು ಕೇಳಿಸಿದ್ದು ಹೌದು, ಅಜ್ಜಿಯ ತುಟಿ ಅಲುಗಿದ್ದನ್ನು ಕಂಡದ್ದೂ ಹೌದು, ಆದರೆ ದನಿ ಯಾರದೆಂದು ಆಣೆ ಮಾಡಿ ಹೇಳಲಾರೆ ಎಂದರು. ಉಳಿದವರು ರೋಹಿಣಿಯನ್ನು ನೋಡುತ್ತಿದ್ದರಂತೆ.

ಹೊನ್ನಾವರದ ಡಾಕ್ಟರು ಜ್ವರವಿಲ್ಲ ಎಂದರು. ರಕ್ತದಲ್ಲೂ ಏನೂ ಇರಲಿಲ್ಲ. ಲಾಡ್ಜಿನವರು ಇದ್ದಬದ್ದ ಕಂಬಳಿ ತಂದು ಹೊದಿಸಿದರು. ನಡುಕ ನಿಲ್ಲಲಿಲ್ಲ. ಪ್ರವಾಸ ಅಲ್ಲಿಗೇ ಮುರಿಯಿತು. ಮರುದಿನ ಅವರನ್ನು ಮುಂಬಯಿಯ ರೈಲಿಗೆ ಹತ್ತಿಸಲು ಸ್ಟೇಷನ್ನಿಗೆ ನಾನೂ ಹೋದೆ. ಕಂಬಳಿ ಹೊದ್ದು ಬೆಂಚಿನ ಮೇಲೆ ಕೂತಿದ್ದ ರೋಹಿಣಿಯ ಪಕ್ಕ ಕೂತು, “ನಾನು ಧಾರೇಶ್ವರದ ಸಾವಿತ್ರಿಯ ಅಕ್ಕನ ಮಗಳು” ಎಂದೆ. ಇದೊಂದು ಮಾತನ್ನು ಎದುರಿಗೆ ಕೂತು ಹೇಳಬೇಕೆಂದು ನಾನು ವರ್ಷಗಟ್ಟಲೆ ಕಾದಿದ್ದೆ.

ಅವರಿಗೆ ನೆನಪಾಯಿತು. “ಹಾಗಾದರೆ ನಿನ್ನೆಯದೆಲ್ಲ ನೀನೇ ಕಟ್ಟಿ ಹೇಳಿದ್ದು” ಎಂದರು. ಒಂದು ಕ್ಷಣ ಅವರ ಮುಖದಲ್ಲಿ ನಿರಾಳ ಬಂದು ಹೋಯಿತು. ಮತ್ತೆ, “ಹಲ್ಲಿನ ವಿಷಯ ನಿನಗೆ ಯಾರು ಹೇಳಿದರು? ಆಗ ಕೋಣೆಯಲ್ಲಿ ನಾನೊಬ್ಬಳೇ ಇದ್ದೆ” ಎಂದರು. ಯಾರೂ ಹೇಳಲಿಲ್ಲ ಎಂದೆ. ಅದು ನಿಜವೆಂದು ಅವರಿಗೂ ತಿಳಿಯಿತು. ರೈಲು ಬಂದಾಗ ಅವರನ್ನು ಕಂಬಳಿಯ ಸಮೇತ ಹತ್ತಿಸಿದೆವು.

ಮಳೆಗಾಲ ಹಿಡಿದ ಮೇಲೆ ಶಾಲೆಯ ವಿಳಾಸಕ್ಕೆ ಒಂದು ಪಾರ್ಸೆಲ್ಲು ಬಂತು. ಶಾಂತಿಯ ಕೌದಿ. ಎಡಮೂಲೆಯ ಹೊಲಿಗೆ ಬಿಚ್ಚಿತ್ತು. ಜೊತೆಗೊಂದು ಕಾಗದ: ಹಲ್ಲು ಹುಡುಕಿಸಿದೆ, ಸಿಗಲಿಲ್ಲ, ಸ್ವೆಟರ್ ಇಲ್ಲದೆ ನಿದ್ದೆಯಿಲ್ಲ, ಆ ಅಜ್ಜಿಯ ಹತ್ತಿರ ಹೋಗಿ ನನ್ನ ಪರವಾಗಿ ಕ್ಷಮೆ ಕೇಳು, ಈ ಸಲ ನಾನು ಹೇಳಿದ ಹಾಗೆಯೇ ಕೇಳು.

ಚಿಕ್ಕಮ್ಮ ಇಲ್ಲದ ಮನೆಗೆ ಕೌದಿ ಬಂದು ಏನು ಮಾಡಬೇಕು? ಅದನ್ನು ಬೀರುವಿನಲ್ಲಿಟ್ಟು ಮುಂದಿನ ಭಾನುವಾರ ಮಂಕಿಗೆ ಹೋದೆ. ಕೇಳಬೇಕೆಂದೇ ಹೋದೆ, ಬಸ್ಸಿನಲ್ಲಿ ಮಾತು ಜೋಡಿಸಿಕೊಂಡೂ ಇದ್ದೆ. ತಿಮ್ಮಿ ಅಜ್ಜಿ ಅದೇ ಗೋಡೆಗೆ ಒರಗಿ ಕೂತಿದ್ದಳು. ಎದುರು ಕೂತೆ. ಸೋಮಿ ಚಾ ಕೊಟ್ಟು ಒಳಗೆ ಹೋದಳು. ಅಂಗಳದಲ್ಲಿ ಮಳೆ ಬಂದು ನಿಂತಿತು. ಅಜ್ಜಿಯ ಕಣ್ಣು ನನ್ನ ಮೇಲಿತ್ತೋ, ನನ್ನ ಹಿಂದಿನ ತೆಂಗಿನಮರದ ಮೇಲಿತ್ತೋ ತಿಳಿಯುತ್ತಿರಲಿಲ್ಲ. ಒಂದು ಗಂಟೆ ಹಾಗೇ ಕೂತಿದ್ದೆ. ನನ್ನ ಬಾಯಿ ತೆರೆಯಲಿಲ್ಲ. ತೆರೆಯಲಾಗಲಿಲ್ಲ ಎಂದು ಬರೆದರೆ ಸುಳ್ಳಾದೀತು.

“ಎಂತ ಕೇಳೂದಿತ್ತು ಅಕ್ಕೋರೇ?” ಎಂದು ಸೋಮಿ ಹೊರಗೆ ಬಂದು ಕೇಳಿದಳು.

“ಎಂತದೂ ಇಲ್ಲ” ಎಂದು ಎದ್ದು ಬಂದೆ.

ಆ ಚಳಿಗಾಲದಲ್ಲಿ ತಿಮ್ಮಿ ಅಜ್ಜಿ ತೀರಿಹೋದಳು. ನನ್ನ ದ್ವೇಷಕ್ಕೇ ಬಾಯಿ ಬಂದು ಎರಡು ದನಿಯಲ್ಲಿ ಮಾತಾಡಿತು ಎಂದು ಒಮ್ಮೊಮ್ಮೆ ಸಮಾಧಾನ ಹೇಳಿಕೊಳ್ಳುತ್ತೇನೆ. ಆದರೆ ಹಲ್ಲಿನ ಹತ್ತಿರ ಬಂದು ಆ ಸಮಾಧಾನ ನಿಲ್ಲುತ್ತದೆ. ರೋಹಿಣಿಗೆ ಚಳಿ ಬಿಟ್ಟಿತೋ ಇಲ್ಲವೋ ನನಗೆ ಗೊತ್ತಿಲ್ಲ. ಬಿಟ್ಟಿರಲಿ ಎಂದು ಬರೆಯಲು ಎರಡು ಸಲ ಪೆನ್ನು ಎತ್ತಿ, ಎರಡು ಸಲವೂ ಕೆಳಗಿಟ್ಟೆ.