ತಾನೇ ನಿಲ್ಲುವ ಫ್ಯಾನು

ಮೊನ್ನೆ ಬಿಡದಿಯ ಟೀ ಅಂಗಡಿಯೊಂದರ ಮುಂದೆ ಕಾರೊಂದು ಬಂದು ನಿಂತಿತು. ಇಳಿದ ಯಜಮಾನರು ಬೀಗ ಹಾಕಿದರು, ಬಾಗಿಲು ಎಳೆದು ನೋಡಿದರು, ನಾಲ್ಕು ಹೆಜ್ಜೆ ಹೋದವರು ನಂಬಿಕೆ ಸಾಲದೆ ಹಿಂತಿರುಗಿ ಮತ್ತೊಮ್ಮೆ ಎಳೆದು ನೋಡಿ, ಎದುರಿನ ಕಟ್ಟಡದೊಳಗೆ ಮಾಯವಾದರು. ಈ ನೆರಳಿಗಾಗಿಯೇ ಬೆಳಗಿನಿಂದ ಅರ್ಜಿ ಹಾಕಿ ಕೂತಂತಿದ್ದ ಬೀದಿನಾಯಿಯೊಂದು ಕಾರಿನ ಮೂತಿಯ ಕೆಳಗೆ ತೂರಿ ಸುರುಳಿ ಸುತ್ತಿಕೊಂಡಿತು. ಒಂದು ಗಳಿಗೆ ಎಲ್ಲವೂ ಶಾಂತ. ಆಮೇಲೆ, ಒಳಗೆ ಯಾರೂ ಇಲ್ಲದ, ಎಂಜಿನ್ ಆರಿಸಿದ ಆ ಕಾರಿನ ಹೊಟ್ಟೆಯಿಂದ ‘ಝುಂಯ್’ ಎಂದು ಫ್ಯಾನು ತಿರುಗತೊಡಗಿತು. ನಾಯಿ ನಾಲ್ಕೂ ಕಾಲಲ್ಲಿ ಒಟ್ಟಿಗೆ ನೆಗೆದು ನಮ್ಮ ಬೆಂಚಿನಡಿ ಬಂದು ಬಿತ್ತು. ಎಲ್ಲರೂ ನಕ್ಕರು. ನಾನು ಮಾತ್ರ ಗ್ಲಾಸು ಹಿಡಿದುಕೊಂಡು ಹಾಗೇ ನಿಂತುಬಿಟ್ಟೆ.

ನಾನು ನಗದೆ ನಿಂತರೆ ನನ್ನನ್ನು ಬಲ್ಲವರಿಗೆ ಗಾಬರಿಯಾಗುತ್ತದೆ. ಯಾಕೆಂದರೆ ನಾನು ಅಣಕಿಸುವವನು. ಹೊಟ್ಟೆಪಾಡಿಗೆ ಇಲ್ಲಿನ ಕಾರ್ಖಾನೆಯೊಂದರ ಸ್ಟೋರಿನಲ್ಲಿ ನಟ್ಟು ಬೋಲ್ಟು ಕೊಡುತ್ತೇನೆ. ಆರ್ಕೆಸ್ಟ್ರಾದವರು ಎರಡು ಹಾಡುಗಳ ನಡುವೆ ನೀರು ಕುಡಿಯುವಷ್ಟು ಹೊತ್ತು ವೇದಿಕೆ ಖಾಲಿ ಇರದಂತೆ ಕಾಯುವ ಮಿಮಿಕ್ರಿ ಕಲಾವಿದನೂ ನಾನೇ. ‘ಕಲಾವಿದ’ ಎನ್ನುವುದು ನಾನೇ ಕೊಟ್ಟುಕೊಂಡ ಬಿರುದು, ಕರಪತ್ರದಲ್ಲಿ ‘ಮತ್ತು ಇತರರು’ ಎಂದಿರುತ್ತದೆ. ನಿಮ್ಮನ್ನು ಒಮ್ಮೆ ನೋಡಿದರೆ ಸಾಕು, ನಿಮ್ಮ ಕೆಮ್ಮು ನನ್ನದಾಗುತ್ತದೆ. ನನ್ನದೇ ದನಿ ಯಾವುದು ಅಂತ ಕೇಳಬೇಡಿ, ಅದು ಎಲ್ಲಿ ಬಿದ್ದುಹೋಯಿತೋ ನನಗೂ ಗೊತ್ತಿಲ್ಲ.

ಆದರೆ ಆ ಫ್ಯಾನಿನ ಮುಂದೆ ನಾನು ಬಾಲ ಬಿಚ್ಚುವುದಿಲ್ಲ. ಅದಕ್ಕೆ ಕಾರಣ ನನ್ನ ಮಾವನ ವ್ಯಾನು ಮತ್ತು ಅತ್ತೆಯ ಬಿಳಿ ಗೂಡು.

ಐದಾರು ವರ್ಷದ ಹಿಂದಿನ ಮಾತು. ಪಿಯುಸಿಯಲ್ಲಿ ಡುಮ್ಕಿ ಹೊಡೆದವನನ್ನು ಅವ್ವ ತನ್ನ ತಮ್ಮನ ಮನೆಗೆ ಅಟ್ಟಿದ್ದಳು. ಚನ್ನಪಟ್ಟಣದಿಂದ ಒಳಗೆ, ಹಿಪ್ಪುನೇರಳೆ ತೋಟಗಳ ನಡುವಿನ ಊರು. ಸಿದ್ದಮಾವನ ಬಳಿ ಹಳೆಯ ಡೀಸೆಲ್ ವ್ಯಾನು ಇತ್ತು. ಊರಿನವರ ರೇಷ್ಮೆಗೂಡನ್ನು ರಾಮನಗರದ ಮಾರ್ಕೆಟ್ಟಿಗೆ ಸಾಗಿಸುವುದು ಅದರ ಕಸುಬು. ಓಡುತ್ತಿದ್ದರೆ ಅದು ಚೆನ್ನಾಗಿಯೇ ಓಡುತ್ತಿತ್ತು. ಕಷ್ಟವಿದ್ದದ್ದು ನಿಂತಾಗ. ಆಗ ಹೆದ್ದಾರಿ ಅಗಲ ಮಾಡುತ್ತಿದ್ದರು. ದಾರಿಯುದ್ದ ಮಣ್ಣಿನ ಗುಡ್ಡ, ಜಲ್ಲಿಯ ಗುಡ್ಡ, ಹೊಸ ಕಾರ್ಖಾನೆಗಳಿಗೆ ಯಂತ್ರ ಹೊತ್ತ ಮಾರುದ್ದದ ಟ್ರೈಲರುಗಳು. ಆ ಸಾಲಿನಲ್ಲಿ ಆಮೆಯಂತೆ ತೆವಳುವಾಗ, ಎಂಜಿನ್ನಿನ ಬೆಲ್ಟಿಗೆ ಕಟ್ಟಿಕೊಂಡ ಫ್ಯಾನು ಕೂಡ ಆಮೆಯಾಗಿಬಿಡುತ್ತಿತ್ತು. ರೇಡಿಯೇಟರಿನ ನೀರು ಕುದಿಯುತ್ತಿತ್ತು. ಮಾವ ಬಾನೆಟ್ ಎತ್ತಿ, ಹಬೆಯ ನಡುವೆ ನಿಂತು, ಎಂಜಿನ್ನಿನ ಅಪ್ಪ ಅಮ್ಮನನ್ನೆಲ್ಲ ನೆನೆಯುತ್ತಿದ್ದ. ನಾನು ಪಕ್ಕದಲ್ಲಿ ನಿಂತು ಮಾವನನ್ನು ಅಣಕಿಸುತ್ತಿದ್ದೆ. ಒಮ್ಮೊಮ್ಮೆ ಎಂಜಿನ್ನನ್ನು.

ಗೂಡೆಂದರೆ ಈರುಳ್ಳಿ ಮೂಟೆಯಲ್ಲ. ಒಳಗೆ ಜೀವ ಇರುತ್ತದೆ. ನಿಂತ ಗಾಡಿಯಲ್ಲಿ ಬೆಂದರೆ ಒಳಗಿನ ಹುಳು ಸತ್ತು, ಗೂಡಿಗೆ ಕಲೆ ಬಿದ್ದು, ನೂಲು ತೆಗೆಯುವವರು ಮೂಗು ಮುರಿಯುತ್ತಾರೆ. ಒಂದೆರಡು ಸಲ ಹಾಗಾದ ಮೇಲೆ ಊರಿನವರು ಮಾವನನ್ನು ಕಂಡರೆ ಬಸ್ಸಿನ ಟೈಮು ವಿಚಾರಿಸತೊಡಗಿದರು.

ಅದೇ ಬೇಸಿಗೆಯಲ್ಲಿ ಮಾವನ ಹೆಂಡತಿ ಜಯತ್ತೆ ಬಿಳಿ ಗೂಡಿಗೆ ಕೈ ಹಾಕಿದ್ದಳು. ಆ ಊರಲ್ಲಿ ಅಲ್ಲಿಯವರೆಗೂ ಹಳದಿ ಗೂಡೇ. ಬಿಳಿಯದು ನಾಜೂಕು, ಸೆಕೆ ತಡೆಯುವುದಿಲ್ಲ. ಕೈಲಾಂಚದ ತವರಿನಲ್ಲಿ ಯಾರೋ ಬೆಳೆದದ್ದನ್ನು ನೋಡಿ ಬಂದವಳು, “ಅವ್ರ ಕೈಲಾದ್ರೆ ನನ್ ಕೈಲಿ ಯಾಕಾಗಕಿಲ್ಲ?” ಎಂದು ಹಟ ಹಿಡಿದಳು. ಊರಿಗೆ ಊರೇ ಸೋಲು ನೋಡಲು ಕಾದಿತ್ತು. ಅತ್ತೆ ಹುಳುಮನೆಯ ಕಿಟಕಿಗಳಿಗೆಲ್ಲ ಗೋಣಿತಾಟು ಇಳಿಬಿಟ್ಟು, ಗಳಿಗೆಗೊಮ್ಮೆ ನೀರು ಚಿಮುಕಿಸುತ್ತ, ಬಾಣಂತಿ ಕೋಣೆ ಕಾಯುವವಳಂತೆ ಕಾದಳು. ಹೊಸ್ತಿಲಲ್ಲಿ ನಿಂತು ಕೆನ್ನೆ ಒಡ್ಡಿ ಒಳಗಿನ ಶಾಖ ನೋಡುವುದು ಅವಳ ಅಭ್ಯಾಸ. ನಾನೂ ಹಾಗೇ ಕೆನ್ನೆ ಒಡ್ಡಿ, ಕಣ್ಣು ಮುಚ್ಚಿ, “ಒಸಿ ಜಾಸ್ತಿ ಆಯ್ತು” ಎನ್ನುತ್ತಿದ್ದೆ. ಅವಳು ನಗುತ್ತಿದ್ದಳು, ಒಂದು ಸಲ. ಎರಡನೇ ಸಲಕ್ಕೆ ಪೊರಕೆ ಹುಡುಕುತ್ತಿದ್ದಳು.

“ಸುರು ಹಚ್ಕೊಳದು ಚೆಂದಾಗ್ ಕಲ್ತಿದ್ದೀಯ ಕಣ್ಲಾ. ಯಾವಾಗ ನಿಲ್ಲುಸ್ಬೇಕು ಅನ್ನದೊಂದ್ ನಿಂಗ್ ಗೊತ್ತಾಗಕಿಲ್ಲ.”

ಹುಳು ಹಣ್ಣಾಗಿ ಗೂಡು ಕಟ್ಟುವ ಮೊದಲೇ ಗಾಡಿ ರಿಪೇರಿಯಾಗಬೇಕೆಂದು ಅವಳು ಅಪ್ಪಣೆ ಮಾಡಿದಳು. ಹುಳುಮನೆಗೆ ಅವಳ ತಂಗಿಯನ್ನು ಕಾವಲಿಟ್ಟು, ನಾವು ಮೂವರೂ ರಾಮನಗರದ ಇಲಿಯಾಸ್ ಭಾಯಿಯ ಅಂಗಡಿಗೆ ಹೋದೆವು. ಭಾಯಿ ಗಾಡಿಗಳ ಎಲೆಕ್ಟ್ರಿಷಿಯನ್. ಹಲ್ಲಿನ ನಡುವೆ ಸದಾ ಒಂದು ಸ್ಕ್ರೂಡ್ರೈವರ್, ಮಾತೆಲ್ಲ ಬಾಯಿಯ ಎಡಗಡೆಯಿಂದ. ನಾನು ತಕ್ಷಣ ಎಡಗಡೆಯಿಂದ “ಸಲಾಂ ಭಾಯ್” ಅಂದೆ. ಅವರು ನನ್ನನ್ನು ಮೇಲಿಂದ ಕೆಳಗೆ ನೋಡಿ, ಮೇಜಿನಿಂದ ಇನ್ನೊಂದು ಸ್ಕ್ರೂಡ್ರೈವರ್ ಎತ್ತಿ ಕೊಟ್ಟರು.

“ಕಚ್ಕೊಂಡು ಮಾಡು. ಇಲ್ದಿದ್ರೆ ಸರಿಯಾಗಿ ಬರಲ್ಲ.”

ಬೆಲ್ಟಿನ ಫ್ಯಾನು ತೆಗೆದು ಕರೆಂಟಿನ ಫ್ಯಾನು ಕೂರಿಸಲು ತಕರಾರಿರಲಿಲ್ಲ. ತಕರಾರು ಬಂದದ್ದು ಅದನ್ನು ಹಾಕುವವರು ಯಾರು, ಆರಿಸುವವರು ಯಾರು ಎನ್ನುವಲ್ಲಿ. ಭಾಯಿ ಮೇಜಿನ ಮೇಲೆ ಮೂರು ಸಾಮಾನು ಇಟ್ಟರು.

“ಇದು ಮಾಮೂಲಿ ಸ್ವಿಚ್ಚು. ಸ್ಟೇರಿಂಗ್ ಪಕ್ಕ ಇರುತ್ತೆ. ಬಿಸಿಯಾದ್ರೆ ನೀವೇ ಹಾಕೋದು, ತಣ್ಣಗಾದ್ರೆ ನೀವೇ ತೆಗೆಯೋದು.”

“ಅದೇ ಸರಿ ಬುಡಿ. ನನ್ ಗಾಡಿ, ನನ್ ಕೈ,” ಎಂದ ಮಾವ.

“ಪಂಪ್‌ಸೆಟ್ ಸ್ವಿಚ್ಚೂ ನಿಮ್ ಕೈಯೇ ಹಾಕಿದ್ದು,” ಎಂದಳು ಅತ್ತೆ. “ಹಾಕ್ಬುಟ್ಟು ಬಂದು ಗೊರಕೆ ಹೊಡುದ್ರಿ. ಪಕ್ಕದೋರ ಹೊಲ್ದಲ್ಲಿ ಬಾತುಕೋಳಿ ಸಾಕ್ಬೋದಾಗಿತ್ತು.”

ಎರಡನೆಯದು ಹಿತ್ತಾಳೆಯ ದಪ್ಪ ಬೋಲ್ಟಿನಂಥದು. ರೇಡಿಯೇಟರಿಗೇ ತಿರುಪಿ ಕೂರಿಸುವುದು. ನೀರಿನ ಶಾಖ ಮುಟ್ಟಿ ನೋಡಿ ಅದೇ ಫ್ಯಾನು ಹಾಕುತ್ತದೆ, ಅದೇ ಆರಿಸುತ್ತದೆ. ಮೂರನೆಯದು ಕರಿ ಡಬ್ಬಿ. ತಿರುಗಿಸುವ ಗುಂಡಿ, ಮಿನುಗುವ ಪುಟ್ಟ ದೀಪ, ರೇಡಿಯೇಟರಿಗೆ ಸಿಕ್ಕಿಸಲು ತಂತಿಯ ಬಾಲ. ಎಷ್ಟು ಶಾಖಕ್ಕೆ ಫ್ಯಾನು ಏಳಬೇಕೆಂದು ನಾವೇ ಗೊತ್ತುಮಾಡಬಹುದು. ಮಾವನ ಕಣ್ಣು ಆ ದೀಪಕ್ಕೆ ಅಂಟಿಕೊಂಡಿತು. ಸುಳ್ಳು ಯಾಕೆ, ನನ್ನದೂ.

“ಚೆಂದ ಐತೆ ಗೌಡ್ರೆ, ಇಲ್ಲ ಅನ್ನಲ್ಲ,” ಎಂದರು ಭಾಯಿ. “ಆದ್ರೆ ಗುಂಡಿ ಅಂದ ಮೇಲೆ ಕೈ ಸುಮ್ನಿರಲ್ಲ. ಬೆಳಿಗ್ಗೆ ಚಳಿ ಅಂತ ನೀವು ಒಂದು ಕಡೆ ತಿರುಗಿಸ್ತೀರ, ಮಧ್ಯಾಹ್ನ ಸೆಕೆ ಅಂತ ಅಮ್ಮ ಇನ್ನೊಂದು ಕಡೆ. ಈ ನಮ್ ಹೀರೋ ಸುಮ್ಸುಮ್ನೆ ತಿರುಗಿಸ್ತಾನೆ.”

ಅಲ್ಲಿಯವರೆಗೂ ನಾವೆಲ್ಲ ಕೇಳಿದ್ದು ಫ್ಯಾನು ಯಾವಾಗ ಶುರುವಾಗುತ್ತದೆ ಎಂದು. ಅತ್ತೆ ಹಿತ್ತಾಳೆಯ ಬೋಲ್ಟನ್ನು ಅಂಗೈಯಲ್ಲಿಟ್ಟುಕೊಂಡು ಕೇಳಿದಳು: “ಇದು ನಿಲ್ಲದು ಯಾವಾಗ?”

ಭಾಯಿ ಸ್ಕ್ರೂಡ್ರೈವರನ್ನು ಬಾಯಿಂದ ತೆಗೆದರು. ಪಕ್ಕದ ಹೋಟೆಲಿನಿಂದ ಕುದಿಯುವ ನೀರು ತರಿಸಿದರು. ಬೋಲ್ಟಿಗೆ ಎರಡು ತಂತಿ, ಒಂದು ಬ್ಯಾಟರಿ, ಒಂದು ಪುಟ್ಟ ಬಲ್ಬು ಜೋಡಿಸಿ, ಬೋಲ್ಟಿನ ಮೂತಿಯನ್ನು ನೀರಿಗೆ ಇಳಿಸಿದರು. ಏನೂ ಆಗಲಿಲ್ಲ. ಮಾವ ನನ್ನ ಕಡೆ ನೋಡಿ ಹುಬ್ಬು ಹಾರಿಸಿದ. ಅಷ್ಟರಲ್ಲಿ ‘ಟಿಕ್’ ಎಂದಿತು, ಬಲ್ಬು ಹತ್ತಿತು. ಯಾರೂ ಏನನ್ನೂ ಮುಟ್ಟಿರಲಿಲ್ಲ.

“ಈಗ ಕಾಯಿರಿ,” ಎಂದು ಭಾಯಿ ಬೋಲ್ಟನ್ನು ಮೇಲೆತ್ತಿ ಹಿಡಿದರು.

ಬಲ್ಬು ಉರಿಯುತ್ತಲೇ ಇತ್ತು. ಬೀದಿಯಲ್ಲಿ ಲಾರಿ ಹೋಯಿತು, ಇನ್ನೊಂದು ಹೋಯಿತು. ನಾವು ನಾಲ್ವರೂ ಉಸಿರು ಹಿಡಿದು, ಹೆರಿಗೆ ಕೋಣೆಯ ಹೊರಗೆ ನಿಂತವರಂತೆ ಅದನ್ನೇ ನೋಡುತ್ತಿದ್ದೆವು. ಮತ್ತೆ ‘ಟಿಕ್’. ಆರಿತು.

“ಹತ್ತಿದ ಶಾಖಕ್ಕೇ ಆರಲ್ಲಮ್ಮ. ಅದಕ್ಕಿಂತ ಒಸಿ ಕೆಳಗೆ ಇಳಿದ ಮೇಲೇ ಆರೋದು. ಇಲ್ದಿದ್ರೆ ಹತ್ತೋದು ಆರೋದು, ಹತ್ತೋದು ಆರೋದು, ಅದೇ ಆಗಿಬಿಡುತ್ತೆ.”

“ಇದೇ ಇರ್ಲಿ,” ಎಂದಳು ಅತ್ತೆ.

ನಾನು ನಾಲ್ಕು ಸಲ ಬೋಲ್ಟನ್ನು ತಿರುಗಿಸಿ ನೋಡಿದೆ. ಒಳಗೆ ಕಣ್ಣಿಲ್ಲ, ಕೆನ್ನೆ ಇಲ್ಲ. ಆದರೂ ಜಯತ್ತೆಯ ಕೆನ್ನೆಗೆ ಗೊತ್ತಾಗುವುದು ಅದಕ್ಕೆ ಗೊತ್ತಾಗುತ್ತದೆ! ನನಗೆ ಮೈ ಜುಮ್ಮೆಂದಿತು. ಅಂದು ಸಂಜೆಯವರೆಗೆ ನಾನು ಯಾರನ್ನೂ ಅಣಕಿಸಲಿಲ್ಲವೆಂದು ಅತ್ತೆ ಈಗಲೂ ಹೇಳುತ್ತಾಳೆ, ನಾನು ನಂಬುವುದಿಲ್ಲ.

ಕೊನೆಗೊಂದು ಜಗಳ ಉಳಿದಿತ್ತು. ಕೀ ತೆಗೆದರೆ ಫ್ಯಾನೂ ನಿಲ್ಲಬೇಕು, ಇಲ್ಲವಾದರೆ “ಬ್ಯಾಟ್ರಿನೆಲ್ಲ ಕುಡುದ್ ಬುಡ್ತದೆ” ಎಂದು ಮಾವ. “ಒಲೆ ಆರ್ಸಿದ್ ತಕ್ಷಣ ಹಂಚು ತಣ್ಣಗಾಯ್ತದಾ?” ಎಂದು ಅತ್ತೆ. ಭಾಯಿ ಅತ್ತೆಯ ಪಕ್ಷ ಸೇರಿ, ಕೀಯ ಹಂಗಿಲ್ಲದಂತೆ ಬ್ಯಾಟರಿಯಿಂದಲೇ ತಂತಿ ಎಳೆದರು.

ಆಮೇಲಿನ ದಿನಗಳಲ್ಲಿ ಆ ಫ್ಯಾನಿನ ದನಿ ನನಗೆ ಬಾಯಿಪಾಠವಾಯಿತು. ಏಳುವಾಗ ಒಂದು ಗೊಣಗು, ಆಮೇಲೆ ದಪ್ಪ ಉಸಿರು, ನಿಲ್ಲುವಾಗ ನಿಟ್ಟುಸಿರು. ನಿಂತ ವ್ಯಾನಿನ ಹಿಂದೆ ಅಡಗಿ ನಾನು ‘ಝುಂಯ್’ ಎಂದರೆ ಮಾವ ಊಟದ ತಟ್ಟೆ ಬಿಟ್ಟು ಬಂದು ಬಾನೆಟ್ ಮುಟ್ಟಿ ನೋಡುತ್ತಿದ್ದ.

ಅತ್ತೆಯ ಗೂಡು ಬಂತು. ಮಲ್ಲಿಗೆ ಮೊಗ್ಗಿನಂಥ ಬಿಳುಪು. ಸೋಲು ನೋಡಲು ಕಾದಿದ್ದವರು ಬಂದು ನೋಡಿ, “ಮಾರ್ಕೆಟ್ ಮುಟ್ಟಬೇಕಲ್ಲ ಜಯಮ್ಮಾ, ಆ ಗಾಡೀಲಿ!” ಎಂದು ಹೊಸ ಸೋಲೊಂದನ್ನು ಹುಡುಕಿಕೊಂಡರು.

ಹೊರಡುವ ಬೆಳಿಗ್ಗೆಯೇ ಬಿಸಿಲು ಚುರುಗುಟ್ಟುತ್ತಿತ್ತು. ಚೀಲಗಳನ್ನು ಏರಿಸಿದ ಮೇಲೆ ಅತ್ತೆ ವ್ಯಾನಿನ ಮುಂದೆ ನಿಂತು, ಅದರ ಮುಖಕ್ಕೆ ಕೆನ್ನೆ ಒಡ್ಡಿದಳು. ಒಳಗೆ ಹೋಗಿ ಹುಳುಮನೆಯ ಕಿಟಕಿಯಿಂದ ಒಂದು ಗೋಣಿತಾಟು ಬಿಚ್ಚಿ ತಂದು, ನೀರಲ್ಲಿ ಅದ್ದಿ, ವ್ಯಾನಿನ ಮುಂದಿನ ಜಾಲರಿಗೆ ಅಡ್ಡವಾಗಿ ಬಿಗಿಯಾಗಿ ಕಟ್ಟಿದಳು. “ಪಾಪ, ಇದ್ಕೂ ಒಸಿ ತಂಪಾಗ್ಲಿ.” ತಿಂಗಳಿಡೀ ಆ ತಾಟೇ ಹುಳುಗಳ ಜೀವ ಉಳಿಸಿತ್ತು. ಮಾವ ತಲೆದೂಗಿದ. ನಾನಂತೂ ವ್ಯಾನಿಗೆ ಸೆರಗು ಹೊದಿಸಿದ್ದಾಳೆಂದು ನಾಚಿದ ಮದುವಣಗಿತ್ತಿಯ ಹಾಗೆ ನಡೆದು ತೋರಿಸಿದೆ.

ಹೆದ್ದಾರಿಯ ಧೂಳು ಒದ್ದೆ ತಾಟಿಗೆ ಸಿಕ್ಕರೆ ಏನಾಗುತ್ತದೆಂದು ನಮಗೆ ಯಾರಿಗೂ ಹೊಳೆಯಲಿಲ್ಲ. ರಾಮನಗರ ಇನ್ನೇನು ಬಂತು ಎನ್ನುವಾಗ, ಮನೆಯಷ್ಟು ದೊಡ್ಡ ಯಂತ್ರ ಹೊತ್ತ ಟ್ರೈಲರೊಂದು ತಿರುವಿನಲ್ಲಿ ಸಿಕ್ಕಿಕೊಂಡು, ಮುಂದೆ ಹಿಂದೆ ಸಾಲು ಗಟ್ಟಿಯಾಯಿತು. ಶಾಖದ ಮುಳ್ಳು ಏರತೊಡಗಿತು. ‘ಟಿಕ್’, ಫ್ಯಾನು ಎದ್ದಿತು. ಮಾವ ಸ್ಟೇರಿಂಗಿಗೆ ಕೈ ಮುಗಿದ. ಮುಳ್ಳು ಮಾತ್ರ ಇಳಿಯಲಿಲ್ಲ. ಮಾವ ಎಂಜಿನ್ ಆರಿಸಿದ. ಫ್ಯಾನು ತಿರುಗುತ್ತಲೇ ಇತ್ತು. ಅತ್ತೆ ಹಿಂದಿನ ಚೀಲಗಳ ಮೇಲೆ ಕೈಯಿಟ್ಟಳು. ತೆಗೆಯಲಿಲ್ಲ.

ನನ್ನ ಕಿವಿ ಆಗ ನೆಟ್ಟಗಾಯಿತು. ಅದು ನಮ್ಮ ಫ್ಯಾನಿನ ದನಿಯಲ್ಲ. ಮೂಗು ಹಿಡಿದುಕೊಂಡು ಮಾತಾಡಿದ ಹಾಗಿತ್ತು.

“ಮಾವ, ಫ್ಯಾನು ಉಸುರು ಕಟ್ಕಂಡೈತೆ.”

“ಲೇ, ಆಟ ಆಡೋ ಹೊತ್ತೇನ್ಲಾ ಇದು?”

“ಆಟ ಅಲ್ಲ ಮಾವ! ದಿನಾ ಮಾಡದು ಹಿಂಗೆ,” ಎಂದು ‘ಝುಂಯ್’ ಎಂದೆ. “ಈಗ ಮಾಡ್ತಿರದು ಹಿಂಗೆ,” ಎಂದು ಮೂಗು ಹಿಡಿದು ‘ಙುಂಯ್’ ಎಂದೆ.

ಮಾವ ಕೈ ಎತ್ತಿದ, ನನಗೆ ಬಾರಿಸಲು. ಅತ್ತೆ ಮಾತ್ರ ನನ್ನ ಮುಖ ನೋಡಿದಳು. ನಾನು ನಗುತ್ತಿರಲಿಲ್ಲ. ಅವಳು ಧಡಧಡನೆ ಇಳಿದು ಮುಂದೆ ಹೋದಳು, ನಾನು ಹಿಂದೆ. ತಾಟು ಒಣಗಿ, ಧೂಳು ಮೆತ್ತಿ, ಸಾರಿಸಿದ ಗೋಡೆಯಂತಾಗಿತ್ತು. ಪಾಪದ ಫ್ಯಾನು ಗಾಳಿಗಾಗಿ ಒಳಗಿನಿಂದ ಎಳೆದ ರಭಸಕ್ಕೆ ತಾಟು ಜಾಲರಿಗೆ ಜಿಗಣೆಯಂತೆ ಅಂಟಿತ್ತು. ಅತ್ತೆ ಹುರಿ ಕಿತ್ತು ತಾಟು ಎಳೆದಳು.

ಫ್ಯಾನಿನ ದನಿ ಬಿಚ್ಚಿಕೊಂಡಿತು, ನೀರಲ್ಲಿ ಮುಳುಗಿದವನು ಮೇಲೆ ಬಂದು ಉಸಿರೆಳೆದ ಹಾಗೆ.

ಅತ್ತೆ ಆ ತಾಟನ್ನು ರಸ್ತೆಗೆ ಬಡಿದು ಧೂಳು ಕೊಡವಿ, ಕ್ಯಾನಿನ ನೀರಲ್ಲಿ ನೆನೆಸಿ, ಹಿಂಬಾಗಿಲು ತೆರೆದು ಚೀಲಗಳ ಮುಂದೆ ಇಳಿಬಿಟ್ಟಳು. ಅದು ಅದರ ಜಾಗ. ಅಕ್ಕಪಕ್ಕದ ಲಾರಿಯವರು ಇಳಿದು ಬಂದು, ಕೀಯೇ ಇಲ್ಲದೆ ತಿರುಗುವ ಫ್ಯಾನನ್ನು ಬಗ್ಗಿ ನೋಡಿದರು. “ಯಾರು ಹಾಕಿದ್ರು?” ಎಂದ ಒಬ್ಬ. ನಾವೆಲ್ಲ ಅದರ ಮುಂದೆ ಗುಂಪಾಗಿ ಕಾದೆವು. ಅದು ತನಗೆ ಸಾಕೆನಿಸುವವರೆಗೆ ತಿರುಗಿತು. ಆಮೇಲೆ ನಿಟ್ಟುಸಿರು ಬಿಟ್ಟು ನಿಂತಿತು. ಆ ಸದ್ದಿಲ್ಲದ ಗಳಿಗೆ ಇದೆಯಲ್ಲ, ಅಷ್ಟು ಜನ, ಅಷ್ಟು ಗಾಡಿ, ಅಷ್ಟು ಬಿಸಿಲಿನ ನಡುವೆ, ನನಗೆ ಅದು ಇವತ್ತಿಗೂ ಕಿವಿಯಲ್ಲಿದೆ.

ಮಾರ್ಕೆಟ್ಟಿನಲ್ಲಿ ನೂಲು ತೆಗೆಯುವ ಸಾಹುಕಾರರೊಬ್ಬರು ಒಂದು ಗೂಡು ಎತ್ತಿ ಕಿವಿಯ ಹತ್ತಿರ ಹಿಡಿದು ಅಲುಗಿಸಿದರು. ಒಳಗೆ ಜೀವ ಚೆನ್ನಾಗಿದ್ದರೆ ಅದಕ್ಕೊಂದು ಸದ್ದಿದೆ. ಅತ್ತೆ ಅವರ ಮುಖವನ್ನೇ ನೋಡುತ್ತಿದ್ದಳು. ಅವರು ಇನ್ನೊಂದು ಗೂಡು ಕತ್ತರಿಸಿ ಒಳಗೆ ನೋಡಿ, “ಯಾವೂರಮ್ಮ? ಇಷ್ಟು ಚೊಕ್ಕ ಬಿಳಿ ಗೂಡು!” ಎಂದರು. ಅತ್ತೆ ಊರ ಹೆಸರು ಹೇಳಿದಳು, ಪೂರ್ತಿ ಮಾರ್ಕೆಟ್ಟಿಗೆ ಕೇಳುವಂತೆ.

ವಾಪಸು ಬರುವಾಗ ಅವಳು ನನ್ನ ಕಡೆ ತಿರುಗಿ, “ಇನ್ನೊಂದ್ ಸಲ ಮಾಡ್ಲಾ, ಆ ಮೂಗಿಂದು,” ಎಂದಳು. ಜೀವನದಲ್ಲಿ ಅವಳು ನನಗೆ ‘ಇನ್ನೊಂದು ಸಲ’ ಎಂದದ್ದು ಅದೊಂದೇ ಬಾರಿ. ನಾನು ಚನ್ನಪಟ್ಟಣದವರೆಗೂ ಮಾಡಿದೆ. ಅಲ್ಲಿ ಮಾವ ಗಾಡಿ ನಿಲ್ಲಿಸಿ ಇಳಿಸಿಬಿಡುತ್ತೇನೆಂದ.

ಹಾಗೆ ನೋಡಿದರೆ ಆ ಫ್ಯಾನಿನ ದನಿಯನ್ನು ನಾನು ಈಗಲೂ ಹುಬೇಹೂಬು ತೆಗೆಯಬಲ್ಲೆ. ಅದು ಯಾವಾಗ ಏಳುತ್ತದೆ, ಯಾವಾಗ ಸಾಕೆನ್ನುತ್ತದೆ ಎನ್ನುವುದು ಮಾತ್ರ ನನ್ನ ಗಂಟಲಿಗೆ ಬಂದಿಲ್ಲ. ವೇದಿಕೆಯ ಮೇಲೆ ಆರ್ಕೆಸ್ಟ್ರಾದವರೇ ಬಂದು ಮೈಕು ಕಿತ್ತುಕೊಳ್ಳಬೇಕು.

ಟೀ ಅಂಗಡಿಯಲ್ಲಿ ಅವತ್ತು ಪಕ್ಕದವನು ಮೊಣಕೈಯಿಂದ ತಿವಿದ. “ಲೇ, ಆ ಕಾರಿನ ಫ್ಯಾನು ಮಾಡ್ಲಾ. ನಾಯಿ ಇನ್ನೊಂದ್ ಸಲ ನೆಗೀಲಿ.” ನನ್ನ ತುಟಿ ಆಗಲೇ ಮುಂದಕ್ಕೆ ಬಂದಿತ್ತು.

“ತಡಿಯಪ್ಪ,” ಎಂದೆ. “ಅದು ಮುಗಿಸ್ಲಿ.”

ಬಿಸಿಲಲ್ಲಿ ನಿಂತ ಖಾಲಿ ಕಾರು ತನ್ನ ಪಾಡಿಗೆ ತಾನು ಉಸಿರಾಡುತ್ತಿತ್ತು. ನನ್ನ ಟೀ ಆರಿತು. ಫ್ಯಾನು ನಿಟ್ಟುಸಿರು ಬಿಟ್ಟು ನಿಂತಿತು. ನಾಯಿ ಬೆಂಚಿನಡಿಯಿಂದ ತಲೆ ಹೊರಹಾಕಿ, ಆ ಕಡೆ ಈ ಕಡೆ ನೋಡಿ, ಮೆಲ್ಲಗೆ ನಡೆದು ಮತ್ತೆ ಅದೇ ನೆರಳಿಗೆ ಹೋಗಿ ಮಲಗಿತು.

“ಈಗ ಮಾಡ್ಲಾ,” ಎಂದ ಪಕ್ಕದವನು.

ನಾನು ಮಾಡಲಿಲ್ಲ. ನಾಯಿ ನಿದ್ದೆ ಹೋಗಿತ್ತು.