ಹಾಡುತ್ತ ತುಂಬಿದ ಮಣ್ಣು

ನಮ್ಮ ಮನೆಯವರಿಗೆ ಮಂಗಳವಾರ ರಜೆ. ಏರ್‌ಪೋರ್ಟಿನ ಸರಕು ವಿಭಾಗದಲ್ಲಿ ಅವರದು ಶಿಫ್ಟ್ ಕೆಲಸ. ಮಗಳು ಓದಲು ಬೇರೆ ಊರಿಗೆ ಹೋದ ಮೇಲೆ ಲಂಡನ್ನಿನ ಕ್ವೀನ್ಸ್‌ಬರಿಯ ಫ್ಲ್ಯಾಟಿನಲ್ಲಿ ಆ ದಿನ ನಾವಿಬ್ಬರೂ ಒಬ್ಬರ ಮುಖ ಒಬ್ಬರು ನೋಡುತ್ತ ಕೂರುವುದೇ ಆಗುತ್ತಿತ್ತು. ಒಮ್ಮೆ ನಮ್ಮ ಬಡಾವಣೆಯ ಡಾಕ್ಟರ ಹತ್ತಿರ ಹೋದಾಗ ಗೋಡೆಯ ಮೇಲೆ ಒಂದು ಪ್ರಕಟಣೆ ಕಂಡೆ. ಕೆರಿಬಿಯನ್ ಹಿರಿಯರ ಊಟದ ಕ್ಲಬ್ಬಿಗೆ ಸ್ವಯಂಸೇವಕರು ಬೇಕಾಗಿದ್ದರು. ಜಾಗ ಹಾರ್ಲ್ಸ್‌ಡನ್ನಿನ ಒಂದು ಚರ್ಚ್ ಹಾಲ್.

"ಭಾಂಡೆ ತಿಕ್ಕಾಕ ಕರೀತಾರ, ನೋಡ," ಎಂದು ಇವರು ನಕ್ಕರು. ಆದರೂ ಹೊರಟರು.

ಅಲ್ಲಿಯ ಅಡುಗೆಮನೆ ಎಂಬತ್ತು ದಾಟಿದ ಒಬ್ಬ ಹೆಂಗಸಿನ ಕೈಯಲ್ಲಿತ್ತು, ಈಗಲೂ ಅವರ ಕೈಯಲ್ಲೇ ಇದೆ. ಜಮೈಕಾದಿಂದ ಹರೆಯದಲ್ಲೇ ಬಂದು, ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದು ನಿವೃತ್ತರಾದವರು. ಎಲ್ಲರಿಗೂ ಅವರು ಆಂಟಿ. ಅವರ ಇಂಗ್ಲಿಷು ಮೊದಮೊದಲು ನನಗೆ ಅರ್ಧವೂ ತಿಳಿಯುತ್ತಿರಲಿಲ್ಲ. ನನಗೆ ತಿಳಿದಷ್ಟನ್ನು ನಮ್ಮ ಮಾತಿನಲ್ಲಿ ಬರೆಯುತ್ತಿದ್ದೇನೆ. ಮೊದಲ ದಿನ ನಾನು ಅಕ್ಕಿ ತೊಳೆಯುವುದನ್ನು ನೋಡಿ ಸೊಂಟದ ಮೇಲೆ ಕೈ ಇಟ್ಟು, "ಅಕ್ಕಿ ತೊಳೀತಿದ್ದೀಯೋ, ಮಗೂಗೆ ಸ್ನಾನ ಮಾಡಿಸ್ತಿದ್ದೀಯೋ? ಗಟ್ಟಿಯಾಗಿ ಉಜ್ಜು ಡಾರ್ಲಿಂಗ್!" ಎಂದರು. ಹಸಿ ಬಾಳೆಕಾಯಿ ಸುಲಿಯುವಾಗ ಕೈಗೆ ಎಣ್ಣೆ ಹಚ್ಚಿಕೊಳ್ಳುವುದು ನನಗೆ ಮೊದಲೇ ಗೊತ್ತಿತ್ತು. ಅದೊಂದಕ್ಕೆ ನನ್ನನ್ನು ಉಳಿಸಿಕೊಂಡರು ಎನಿಸುತ್ತದೆ. ರಾಜ್ಮಾ ಕಾಳು ಹಾಕಿ ತೆಂಗಿನಹಾಲಿನಲ್ಲಿ ಬೇಯಿಸುವ ಅವರ ಅನ್ನ ನನ್ನ ಕೈಗೆ ಹತ್ತಲು ಇಡೀ ಒಂದು ಚಳಿಗಾಲ ಬೇಕಾಯಿತು.

ಹೊರಗೆ ಹಾಲ್‌ನಲ್ಲಿ ಗಂಡಸರು ಡಾಮಿನೋ ಆಡುತ್ತಿದ್ದರು. ಅವರ ನಡುವೆ ಆಂಟಿಯ ಯಜಮಾನರು. ಲಂಡನ್ನಿನ ಬಸ್ಸು ಓಡಿಸಿಯೇ ಆಯುಷ್ಯ ಕಳೆದವರು. ಐವತ್ತು ದಾಟಿದ ನಮ್ಮವರನ್ನು "ಯಂಗ್ ಮ್ಯಾನ್" ಎಂದು ಕರೆದು ಪಕ್ಕದಲ್ಲಿ ಕೂರಿಸಿಕೊಳ್ಳುವರು. ಭಾರತೀಯರೇ ತುಂಬಿರುವ ಸೌತ್‌ಹಾಲ್ ಕಡೆಗೆ ಬಸ್ಸು ಓಡಿಸುತ್ತಿದ್ದ ದಿನಗಳ ಕತೆ ಹೇಳುವರು. ಡಾಮಿನೋ ಬಿಲ್ಲೆಗಳನ್ನು ಮೇಜಿಗೆ ಬಡಿದ ಸದ್ದಿಗೆ ಒಳಗೆ ನನ್ನ ಕೈಯ ಚಾಕು ಜಾರುತ್ತಿತ್ತು.

ಎರಡನೆಯ ಚಳಿಗಾಲದಲ್ಲಿ ಆಂಟಿಯ ಯಜಮಾನರು ತೀರಿಕೊಂಡರು. ಜಮೈಕಾದಿಂದ, ಕೆನಡಾದಿಂದ ಬಂಧುಗಳು ಬರುವವರೆಗೆ ಕಾದು, ಕೆಲವು ವಾರಗಳ ನಂತರ ಮಣ್ಣು ಮಾಡಿದರು. ಕ್ಲಬ್ಬಿನ ಮಿನಿಬಸ್ಸಿನಲ್ಲಿ ನಾವೂ ಸ್ಮಶಾನಕ್ಕೆ ಹೋದೆವು.

ನಾವು ವಿಜಯಪುರದ ಲಿಂಗಾಯತರು. ನಮ್ಮಲ್ಲೂ ಹೂಳುವುದೇ ಪದ್ಧತಿ. ಒಂದೊಂದು ಹಿಡಿ ಮಣ್ಣು ಹಾಕುತ್ತೇವೆ. ಕುಣಿ ಮುಚ್ಚುವ ಕೆಲಸ ಬೇರೆಯವರದು. ಇಲ್ಲಿಯೂ ಪಾದ್ರಿಯ ಪ್ರಾರ್ಥನೆ ಮುಗಿದು, ಪೆಟ್ಟಿಗೆ ಇಳಿದು, ಎಲ್ಲರೂ ಹಿಡಿ ಮಣ್ಣು ಹಾಕಿದ ಮೇಲೆ ನಾವಿಬ್ಬರೂ ಮಿನಿಬಸ್ಸಿನತ್ತ ತಿರುಗಿದೆವು. ನಾಲ್ಕು ಹೆಜ್ಜೆ ಹೋಗಿ ನೋಡಿದರೆ ನಮ್ಮ ಹಿಂದೆ ಯಾರೂ ಬರುತ್ತಿಲ್ಲ.

ಗಂಡಸರು ಕೋಟು ಬಿಚ್ಚುತ್ತಿದ್ದರು. ಒಳ್ಳೆಯ ಕಪ್ಪು ಕೋಟುಗಳನ್ನು ಹೆಂಗಸರ ತೋಳಿಗೆ ಕೊಟ್ಟು, ಟೈ ಸಡಿಲಿಸಿ, ಸಲಿಕೆ ಹಿಡಿದರು. ಮೊದಲು ಆಂಟಿಯ ಮಗ, ಆಮೇಲೆ ಕೆನಡಾದಿಂದ ಬಂದ ಯಜಮಾನರ ತಮ್ಮ, ಆಮೇಲೆ ಡಾಮಿನೋ ಆಡುವ ಮುದುಕರು. ಕೆಲವರಿಗೆ ಎರಡು ಸಲಿಕೆ ಹಾಕುವಷ್ಟೇ ಶಕ್ತಿ. ಹಾಕಿದರು, ಮುಂದಿನವರಿಗೆ ದಾಟಿಸಿದರು. ಸಲಿಕೆ ನೆಲ ಮುಟ್ಟಲಿಲ್ಲ.

"ಇವ್ರು ಪೂರಾ ತಾವ ಮುಚ್ಚತಾರೇನು?" ಎಂದು ಇವರು ನನ್ನ ಕಿವಿಯಲ್ಲಿ ಕೇಳಿದರು.

ಆಗ ಹಾಡು ಎದ್ದಿತು. ಒಬ್ಬ ಹೆಂಗಸು ಒಂದು ಸಾಲನ್ನು ಮಾತಿನಂತೆ ಬೇಗ ಹೇಳಿಬಿಡುತ್ತಾರೆ. ಕೂಡಲೇ ಉಳಿದವರೆಲ್ಲ ಅದೇ ಸಾಲನ್ನು ನಿಧಾನವಾಗಿ ಎಳೆದು ಹಾಡುತ್ತಾರೆ. ಮತ್ತೊಂದು ಸಾಲು ಹೇಳುತ್ತಾರೆ, ಮತ್ತೆ ಎಲ್ಲರೂ ಹಾಡುತ್ತಾರೆ. ಪುಸ್ತಕವಿಲ್ಲ, ವಾದ್ಯವಿಲ್ಲ. ಸಲಿಕೆ ಮಣ್ಣಿಗೆ ನುಗ್ಗುವ ಸದ್ದೇ ತಾಳ. ಸ್ವಲ್ಪ ಹೊತ್ತಿನಲ್ಲಿ ನಾನೂ ಹಾಡುತ್ತಿದ್ದೇನೆ ಎಂದು ನನಗೇ ಅರಿವಾಯಿತು. ಒಂದು ಸಾಲೂ ಗೊತ್ತಿಲ್ಲದ ನಾನು! ಮೊದಲು ಹೇಳಿಕೊಟ್ಟು ಆಮೇಲೆ ಹಾಡುವ ಆ ಹಾಡಿನಲ್ಲಿ ಯಾರೂ ಹೊರಗೆ ನಿಲ್ಲುವಂತೆಯೇ ಇರಲಿಲ್ಲ.

ಆಂಟಿ ಮಡಚುವ ಕುರ್ಚಿಯಲ್ಲಿ ಕುಣಿಯ ಪಕ್ಕದಲ್ಲೇ ಕುಳಿತಿದ್ದರು. ಅಳುತ್ತಿರಲಿಲ್ಲ. "ತಲೆ ಕಡೆ ಕಮ್ಮಿ ಆಗಿದೆ. ಆ ಹೆಂಟೆ ಒಡೆದು ಹಾಕು, ಹಾಗೇ ಎಸೀಬೇಡ," ಎಂದು ಅಡುಗೆಮನೆಯ ಅದೇ ದನಿಯಲ್ಲಿ ಹೇಳುತ್ತಿದ್ದರು. ಮಗ ಹೆಂಟೆ ಒಡೆದ.

ಮಳೆ ಹನಿಯತೊಡಗಿತು. ಲಂಡನ್ನಿನ ಜೇಡಿಮಣ್ಣು ಸಲಿಕೆಗೆ ಮೆತ್ತಿಕೊಂಡು ಬಿಡಲೊಲ್ಲದು. ಮುದುಕರು ಏದುಸಿರು ಬಿಡುತ್ತಿದ್ದರು. ದೂರದಲ್ಲಿ ಮಣ್ಣು ತಳ್ಳುವ ಪುಟ್ಟ ಯಂತ್ರದಲ್ಲಿ ಕಾಯುತ್ತಿದ್ದ ಬಿಳಿಯ ಡ್ರೈವರ್ ಇಳಿದು ಬಂದು, ಟೋಪಿ ತೆಗೆದು, "ಮೇಡಂ, ಹೇಳಿದರೆ ಬೇಗ ಮುಗಿಸಿಕೊಡ್ತೀನಿ," ಎಂದ.

ಆಂಟಿ ಅವನ ಕೈ ಹಿಡಿದುಕೊಂಡರು. "ಥ್ಯಾಂಕ್ಯೂ ಮಗಾ. ನನ್ನ ಗಂಡ ಜೀವಮಾನವೆಲ್ಲ ಎಂಜಿನ್ನಿನ ಸದ್ದು ಕೇಳಿದ್ದಾನೆ. ಇವತ್ತು ಬೇಡ."

ಡ್ರೈವರ್ ತಲೆಯಾಡಿಸಿ ಹಿಂದೆ ಸರಿದ. ಟೋಪಿ ಮಾತ್ರ ಮತ್ತೆ ಹಾಕಿಕೊಳ್ಳಲಿಲ್ಲ. ಆಂಟಿಯ ಕಣ್ಣು ನಮ್ಮತ್ತ ಹೊರಳಿತು. "ನೀವಿಬ್ಬರೂ ಅಲ್ಲಿ ಯಾಕೆ ನಿಂತಿದ್ದೀರಿ? ಅತಿಥಿಗಳಾ?"

ಇವರು ಕೋಟು ಬಿಚ್ಚಿ ನನಗೆ ಕೊಟ್ಟು ಹೋದರು. ಹೊಸ ಬೂಟು ಹಿಮ್ಮಡಿಯವರೆಗೆ ಹೂತವು. ಒಂದು ಸಲ ತಲೆಯೆತ್ತಿ, "ನಮ್ಮ ಎರಿ ಹೊಲದ ಮಣ್ಣಿನಂಗ ಹತ್ತತೈತಿ," ಎಂದು ಕನ್ನಡದಲ್ಲೇ ಹೇಳಿದರು. ಪಕ್ಕದ ಮುದುಕ ಎಲ್ಲ ತಿಳಿದವನಂತೆ "ಯೆಸ್, ಯೆಸ್" ಎಂದ. ಆಮೇಲೆ ಸಲಿಕೆ ನನ್ನ ಕೈಗೂ ಬಂತು. ಹೆಣ್ಣುಮಕ್ಕಳು ಕುಣಿ ಮುಚ್ಚುವುದನ್ನು ನಾನು ನಮ್ಮ ಕಡೆ ಎಲ್ಲೂ ಕಂಡಿರಲಿಲ್ಲ. ನಾನು ಹಾಕಿದ್ದು ಸ್ವಲ್ಪವೇ. ಆ ಭಾರ ಇನ್ನೂ ನನ್ನ ಮೊಣಕೈಯಲ್ಲಿದೆ.

ಮಣ್ಣು ನೆಲಕ್ಕೆ ಸಮನಾಗಿ, ಆಮೇಲೆ ದಿಬ್ಬವಾಯಿತು. ಆಗ ಆಂಟಿ ಎದ್ದರು. ಇಬ್ಬರು ಹೆಂಗಸರು ಎರಡೂ ಕಡೆ ಹಿಡಿದುಕೊಂಡರು. ಸಲಿಕೆ ತೆಗೆದುಕೊಂಡು ಅದರ ಬೆನ್ನಿನಿಂದ ಒದ್ದೆ ಮಣ್ಣನ್ನು ಮೆಲ್ಲಗೆ ತಟ್ಟಿದರು. ಒಂದು ತುದಿಯಿಂದ ಇನ್ನೊಂದು ತುದಿಗೆ ಹಾಸಿಗೆಯ ಸುಕ್ಕು ಸರಿಪಡಿಸುವವರಂತೆ ತಟ್ಟುತ್ತಾ ಹೋದರು. ಹಾಡು ಸಣ್ಣದಾಯಿತು, ನಿಲ್ಲಲಿಲ್ಲ. ಹೂವಿನ ಹಾರಗಳನ್ನು ಒಂದೊಂದಾಗಿ ಇಟ್ಟು, ಮಣ್ಣೇ ಕಾಣದಂತೆ ಮುಚ್ಚಿದ ಮೇಲೆಯೇ ಜನ ಕದಲಿದ್ದು. ಸಾವಿನ ಮುಂದೆ ಮನುಷ್ಯರು ಇಷ್ಟು ಎತ್ತರಕ್ಕೆ ನಿಲ್ಲಬಹುದೆಂದು ನನಗೆ ತಿಳಿದಿರಲಿಲ್ಲ.

ಚರ್ಚ್ ಹಾಲ್‌ಗೆ ಮರಳಿ ಊಟಕ್ಕೆ ಕುಳಿತಾಗ, ಸಲಿಕೆ ಹಿಡಿದವರಿಗೇ ಮೊದಲು ಬಡಿಸಬೇಕೆಂದು ಆಂಟಿಯ ಅಪ್ಪಣೆಯಾಯಿತು. ಇವರ ಬೆರಳು ಬಿಗಿದುಕೊಂಡು ಚಮಚ ಹಿಡಿಯಲು ಬರಲಿಲ್ಲ. ನಮ್ಮೂರಿನ ಹಾಗೆ ಕೈಯಿಂದಲೇ ಉಂಡರು. ಯಾರೂ ತಿರುಗಿ ನೋಡಲಿಲ್ಲ.

ಮರುದಿನ ಬೆಳಿಗ್ಗೆ ವಿಜಯಪುರದಿಂದ ಅತ್ತೆಯ ಫೋನ್ ಬಂತು. ಇವರು ಎಲ್ಲವನ್ನೂ ಹೇಳಿದರು. ಹಾಡಿನ ಬಗ್ಗೆಯೂ ಹೇಳಿದರು.

"ಅವ್ರು ನಿಮಗ ಏನಾಗಬೇಕಪಾ?" ಎಂದು ಅತ್ತೆ ಕೇಳಿದರು.

"ಮಣ್ಣ ಹಾಕೇನಿ, ಯವ್ವಾ," ಎಂದಷ್ಟೇ ಇವರು ಹೇಳಿದರು.

ಅತ್ತೆ, "ಮನೀಗಿ ಬಂದು ಜಳಕಾ ಮಾಡೀರಿಲ್ಲೊ, ಇಬ್ರೂ?" ಎಂದು ಕೇಳಿದರು.